ದುಡ್ಡು ಬರುವುದಕ್ಕೆ ಮೊದಲಿನ ತಿಂಗಳುಗಳು

2021ರಿಂದ 2025ರವರೆಗೆ ನಾನು ಸರ್ಕಾರದಿಂದ ಮೂರು ಬಗೆಯ ನೆರವು ಪಡೆದಿದ್ದೇನೆ. ಐಟಿಐ ಓದುವಾಗ ವಿದ್ಯಾರ್ಥಿವೇತನ, ಅದು ಮುಗಿದ ಮೇಲೆ ಅಪ್ರೆಂಟಿಸ್ ಆಗಿದ್ದಾಗ ಶಿಷ್ಯವೇತನ, ಕೊನೆಗೆ ಭಾರಿ ವಾಹನ ಚಾಲನೆಯ ಉಚಿತ ತರಬೇತಿ. ಹೀಗೆ ಸಾಲಾಗಿ ಹೇಳಿದರೆ ಹಾಸನದ ಬಸ್ ನಿಲ್ದಾಣದಲ್ಲಿ ಒಂದರ ಹಿಂದೊಂದು ಬಸ್ಸು ಬಂದು ನಿಂತ ಹಾಗೆ ಕೇಳಿಸುತ್ತದೆ. ಆದರೆ ಒಂದೊಂದರ ನಡುವೆಯೂ ಬರಿಗೈಯಲ್ಲಿ ಕಾದ ತಿಂಗಳುಗಳಿದ್ದವು. ಆ ತಿಂಗಳುಗಳನ್ನು ದಾಟಿಸಿದ್ದು ಅವ್ವನ ಸಂಘದ ಸಾಲ ಮತ್ತು ಭಾನುವಾರದ ಪಂಕ್ಚರ್ ಕೆಲಸ. ಊರಿನ ಹುಡುಗರು ಈ ವಿಷಯ ಕೇಳಿಕೊಂಡು ಬಂದಾಗ ಎಷ್ಟು ಬರುತ್ತದೆ ಎನ್ನುವುದಕ್ಕಿಂತ ಮೊದಲು ಯಾವಾಗ ಬರುತ್ತದೆ, ಯಾವ ಖಾತೆಗೆ ಬರುತ್ತದೆ ಎನ್ನುವುದನ್ನು ಹೇಳುವುದು ಇದೇ ಕಾರಣಕ್ಕೆ.

ನಮ್ಮ ಮನೆ ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿಯಲ್ಲಿದೆ. ಮಂಗಳೂರಿನ ಹೆದ್ದಾರಿ ಅಲ್ಲಿಂದ ಕೂಗಳತೆಯ ದೂರ. ರಾತ್ರಿ ಮಲಗಿದರೆ ಶಿರಾಡಿ ಘಾಟಿ ಹತ್ತಿ ಬಂದ ಗ್ಯಾಸ್ ಟ್ಯಾಂಕರುಗಳ ಸದ್ದು ಕಿವಿಗೆ ಬೀಳುತ್ತದೆ. 2019ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನಾನು ಎರಡು ವರ್ಷ ಕಾಫಿ ತೋಟದ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದೆ. ಆ ಲಾರಿಯ ಡ್ರೈವರಣ್ಣನೇ ಒಂದು ದಿನ, "ಬರೀ ಟೈರ್ ಬಡ್ಕೊಂಡೇ ಇರ್ತೀಯೇನ್ಲಾ? ಐಟಿಐ ಸೇರ್ಕೋ, ಕಾಗ್ದ ಇದ್ರೆ ನಾಳೆ ಡಿಪೋದಾಗೂ ಕೆಲ್ಸ ಸಿಗ್ತೈತೆ" ಎಂದದ್ದು. ಹಾಗೆ 2021ರಲ್ಲಿ ಹಾಸನದ ಸರ್ಕಾರಿ ಐಟಿಐಯೊಂದರಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವೃತ್ತಿಗೆ ಸೇರಿದೆ. ಎಲ್ಲರೂ ಅದನ್ನು ಎಂಎಂವಿ ಎನ್ನುತ್ತಾರೆ.

ಸರ್ಕಾರಿ ಐಟಿಐಯಲ್ಲಿ ಶುಲ್ಕ ಹೊರೆಯಾಗುವಷ್ಟಿರುವುದಿಲ್ಲ. ಹೊರೆಯಾಗುವುದು ಉಳಿದದ್ದು: ಎರಡು ಜೊತೆ ನೀಲಿ ಸಮವಸ್ತ್ರ, ವರ್ಕ್‌ಶಾಪಿಗೆ ಚರ್ಮದ ಬೂಟು, ಡ್ರಾಯಿಂಗ್ ಬೋರ್ಡು, ಮಧ್ಯಾಹ್ನದ ಊಟ. ಬಸ್ಸಿನದು ಚಿಂತೆಯಿರಲಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಯಾದ್ದರಿಂದ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಅತಿ ಕಡಿಮೆ ಹಣಕ್ಕೆ ವರ್ಷದ ಪಾಸು ಮಾಡಿಸಿಕೊಂಡಿದ್ದೆ. ಉಳಿದ ಖರ್ಚು ವಿದ್ಯಾರ್ಥಿವೇತನದಲ್ಲಿ ನೀಗುತ್ತದೆ ಎಂದು ಲೆಕ್ಕ ಹಾಕಿದ್ದು ನನ್ನ ಮೊದಲ ತಪ್ಪು.

ಆ ಲೆಕ್ಕವನ್ನು ಬಿಡಿಸಿ ಹೇಳಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಓದುವ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಪಿಯುಸಿ, ಐಟಿಐ, ಪಾಲಿಟೆಕ್ನಿಕ್ ಎಲ್ಲವೂ ನಾಲ್ಕನೆಯ ಗುಂಪಿಗೆ ಸೇರುತ್ತವೆ. ಈ ಗುಂಪಿನವರಿಗೆ ಮರುಪಾವತಿಯಾಗುವ ಶುಲ್ಕವನ್ನು ಬಿಟ್ಟರೆ ಕೈಗೆ ಬರುವ ಭತ್ಯೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 4,000 ರೂಪಾಯಿ, ಮನೆಯಿಂದ ಓಡಾಡುವವರಿಗೆ 2,500 ರೂಪಾಯಿ. ಇಂಜಿನಿಯರಿಂಗ್, ವೈದ್ಯಕೀಯದಂಥ ಮೊದಲ ಗುಂಪಿನ ಕೋರ್ಸುಗಳಲ್ಲಿ ಹಾಸ್ಟೆಲ್ ವಿದ್ಯಾರ್ಥಿಗೆ 13,500 ರೂಪಾಯಿ ಬರುವುದನ್ನು ಯಾರೋ ಹೇಳಿದ್ದನ್ನು ಕೇಳಿ, ನನಗೂ ಅದೇ ಬರುತ್ತದೆಂದು ನಾನು ನಂಬಿಕೊಂಡಿದ್ದೆ. ವರ್ಕ್‌ಶಾಪಿನಲ್ಲಿ ಮೈಯೆಲ್ಲ ಗ್ರೀಸು ಮಾಡಿಕೊಂಡು ಕಲಿಯುವವನಿಗೆ ಬೂಟಿನ ಖರ್ಚಾದರೂ ಹೆಚ್ಚೇ ಇರುತ್ತದೆ. ಆ ದೃಷ್ಟಿಯಿಂದ ಈ ಗುಂಪು ಮಾಡಿದ ಕ್ರಮ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಹಣ ಒಂದೇ ಕಂತಿನಲ್ಲಿಯೂ ಬರುವುದಿಲ್ಲ. ಈ ಯೋಜನೆಯ ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ ಪಾಲು ಶೇಕಡಾ 40. ರಾಜ್ಯ ತನ್ನ ಪಾಲನ್ನು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅಂದರೆ 2,500 ರೂಪಾಯಿಯ ಭತ್ಯೆ ಒಮ್ಮೆ ಸಾವಿರ, ಇನ್ನೊಮ್ಮೆ ಸಾವಿರದ ಐನೂರು ಆಗಿ ಬರುತ್ತದೆ. ನನಗೆ ಎರಡರ ನಡುವೆ ತಿಂಗಳುಗಳೇ ಕಳೆದವು. "ಒಂದೇ ಸಲ ಬಂದಿದ್ರೆ ಬೂಟಾದ್ರೂ ತಗೋಬೋದಿತ್ತು" ಎಂದು ಅವ್ವ ಹೇಳಿದ್ದರಲ್ಲಿ ದೂರಿನ ದನಿಯಿರಲಿಲ್ಲ, ಬರೀ ಲೆಕ್ಕವಿತ್ತು. ಬೂಟನ್ನು ಅಷ್ಟರಲ್ಲಾಗಲೇ ಆಕೆ ತನ್ನ ಸ್ತ್ರೀಶಕ್ತಿ ಸಂಘದಿಂದ ಐದು ಸಾವಿರ ಸಾಲ ತೆಗೆದು ಕೊಡಿಸಿಯಾಗಿತ್ತು.

ಅರ್ಜಿ ಹಾಕಬೇಕಾದದ್ದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ. ಎಲ್ಲರ ಬಾಯಲ್ಲೂ ಅದು ಎಸ್‌ಎಸ್‌ಪಿ. ಅದಕ್ಕೆ ಮೊದಲು ಪಾಳ್ಯದ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಏಕೆಂದರೆ ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ. ಅಂಕಪಟ್ಟಿ ಮುಂತಾದ ದಾಖಲೆಗಳನ್ನು ಇ-ದೃಢೀಕರಣ ಮಾಡಿಸಬೇಕು. ಅದಕ್ಕೆಂದು ನೇಮಿಸಿದ ಅಧಿಕಾರಿ ಮೂಲ ಪ್ರತಿ ನೋಡಿ ಒಪ್ಪಿದ ಮೇಲೆ ಒಂದು ಸಂಖ್ಯೆ ಬರುತ್ತದೆ. ಇವೆಲ್ಲ ಕೈಗೆ ಬಂದ ಮೇಲೆ ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಆದರೆ ನನ್ನ ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಸೇರಿಕೊಂಡಿತ್ತು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇತ್ತು. ಶಾಲೆಯ ದಾಖಲೆಯನ್ನು ಮುಟ್ಟುವುದಕ್ಕಿಂತ ಆಧಾರನ್ನು ತಿದ್ದಿಸುವುದು ಸುಲಭವೆಂದು ಐಟಿಐಯ ಗುಮಾಸ್ತರು ಹೇಳಿದರು. 50 ರೂಪಾಯಿ ಶುಲ್ಕ ಕಟ್ಟಿ ತಿದ್ದಿಸಿದೆ. ಆಧಾರಿನಲ್ಲಿ ಹೆಸರನ್ನು ಎರಡೇ ಸಲ ತಿದ್ದಿಸಲು ಅವಕಾಶ ಎನ್ನುವುದು ಅಲ್ಲಿಯೇ ತಿಳಿದದ್ದು. ಆದ್ದರಿಂದ ತಿದ್ದಿಸುವ ದಿನ ಅಂಕಪಟ್ಟಿಯನ್ನು ಜೊತೆಯಲ್ಲಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಪರದೆಯ ಮೇಲೆ ಹೋಲಿಸಿ ನೋಡಿದೆ.

ಅರ್ಜಿಯನ್ನು ಒಂದು ಸೈಬರ್ ಅಂಗಡಿಯಲ್ಲಿ ಇನ್ನೂರು ರೂಪಾಯಿ ಕೊಟ್ಟು ತುಂಬಿಸಿದೆ. ಅಂಗಡಿಯವರು ಅವಸರದಲ್ಲಿ ನನ್ನನ್ನು ಹಾಸ್ಟೆಲ್ ವಿದ್ಯಾರ್ಥಿ ಎಂದು ಗುರುತು ಮಾಡಿದ್ದರು. ಹಾಸ್ಟೆಲ್ ಎಂದಾದರೆ ಆ ಹಾಸ್ಟೆಲಿನವರು ದೃಢಪಡಿಸಬೇಕು. ನಾನು ಇಲ್ಲದ ಹಾಸ್ಟೆಲಿನವರು ನನ್ನನ್ನು ಹೇಗೆ ದೃಢಪಡಿಸಿಯಾರು? ಅರ್ಜಿ ಬಾಕಿ ಎಂದೇ ತೋರಿಸುತ್ತ ಕೂತಿತು. ಏನಾಯಿತೆಂದು ಕೇಳಲು ಹೋದ ಕಚೇರಿಯೊಂದರಲ್ಲಿ ಮೂರು ಸಲವೂ "ನಾಳೆ ಬಾಪ್ಪ" ಎಂದರು. ನಾಲ್ಕನೆಯ ಸಲ ಅಲ್ಲಿದ್ದ ಮೇಡಂ ಒಬ್ಬರು ಅರ್ಜಿಯ ಪ್ರತಿಯನ್ನು ಕೇಳಿ ಪಡೆದು, ಪೆನ್ಸಿಲಿನಲ್ಲಿ ಆ ಒಂದು ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದರು. ಆವರೆಗೆ ನನ್ನದೇ ಅರ್ಜಿಯ ಪ್ರತಿಯನ್ನು ನಾನು ಓದಿರಲೇ ಇಲ್ಲ.

ಗೆರೆ ಎಳೆದ ಸಾಲು ಸರಿಯಾಗಿ, ಹಣ ಪಾವತಿಯಾಗಿದೆ ಎಂದು ಎಸ್‌ಎಸ್‌ಪಿಯಲ್ಲಿ ಕಂಡ ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮುದ್ರಿಸಿಕೊಂಡರೆ ಅದರಲ್ಲಿ ಏನೂ ಇರಲಿಲ್ಲ. ಖಾತೆಗೆ ಆಧಾರ್ ಜೋಡಿಸಿದ್ದೇನೆ ಎಂದು ನಾನು ವಾದಿಸಿದೆ. ಕೌಂಟರಿನಲ್ಲಿದ್ದವರು ವಯಸ್ಸಾದವರು, ತಾಳ್ಮೆಯವರು. "ಖಾತೆಗೆ ಆಧಾರ್ ಕೊಟ್ಟಿರೋದು ಬೇರೆ, ಎನ್‌ಪಿಸಿಐನಲ್ಲಿ, ಅಂದ್ರೆ ಬ್ಯಾಂಕುಗಳ ನಡುವೆ ದುಡ್ಡು ಕಳ್ಸೋ ಸಂಸ್ಥೇಲಿ, ಮ್ಯಾಪ್ ಆಗಿರೋದು ಬೇರೆ ಕಣಪ್ಪ. ಸರ್ಕಾರ ಖಾತೆ ನಂಬರ್ ನೋಡಲ್ಲ, ಆಧಾರ್ ನಂಬರ್ ನೋಡಿ ಕಳ್ಸುತ್ತೆ. ನಿನ್ನ ಆಧಾರ್ ಕೊನೇಲಿ ಯಾವ ಬ್ಯಾಂಕಿಗೆ ಮ್ಯಾಪ್ ಆಗೈತೋ ಅಲ್ಲಿಗೆ ಹೋಗಿರ್ತದೆ" ಎಂದು ವಿವರಿಸಿ, ಕಂಪ್ಯೂಟರಿನಲ್ಲಿ ನೋಡಿ ನಾನು ಕೇಳಿಯೇ ಇರದ ಒಂದು ಬ್ಯಾಂಕಿನ ಹೆಸರು ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು. ಹದಿನೆಂಟು ತುಂಬಿದ ವಾರ ಹೊಸ ಸಿಮ್ ತೆಗೆದುಕೊಳ್ಳಲು ಹೋದಾಗ ಅಂಗಡಿಯವನು ಎರಡು ಸಲ ಬೆರಳೊತ್ತಿಸಿಕೊಂಡಿದ್ದ. ಒಂದು ಸಿಮ್ಮಿಗೆ, ಇನ್ನೊಂದು ಮೊಬೈಲಿನಲ್ಲೇ ನಡೆಯುವ ಯಾವುದೋ ಖಾತೆಗೆ. ನನ್ನ ಮೊದಲ ವಿದ್ಯಾರ್ಥಿವೇತನ ಆ ಖಾತೆಯಲ್ಲಿ ಎಂಟು ವಾರದಿಂದ ಸುಮ್ಮನೆ ಬಿದ್ದಿತ್ತು. ಹಣ ಕಳೆದುಹೋಗಿರಲಿಲ್ಲ ಎನ್ನುವುದೇ ಸಮಾಧಾನ. ಆ್ಯಪ್ ಹಾಕಿಕೊಂಡು, ಮರೆತ ಪಿನ್ ಬದಲಿಸಿ, ಅದನ್ನು ನನ್ನ ಖಾತೆಗೆ ವರ್ಗಾಯಿಸಿದೆ. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಮ್ಯಾಪಿಂಗ್ ಬದಲಾಯಿಸಿದೆ. ಈ ಎಂಟು ವಾರದಲ್ಲಿ ಅವ್ವ ಎಂಟು ವಾರದ ಸಂಘದ ಕಂತನ್ನು ಕೂಲಿಯ ಹಣದಲ್ಲಿ ಕಟ್ಟಿದ್ದರು.

ನಮ್ಮ ತರಗತಿಯಲ್ಲಿ ಎಲ್ಲರಿಗೂ ಒಂದೇ ಬಾಗಿಲಿರಲಿಲ್ಲ. ಹಿಂದುಳಿದ ವರ್ಗಕ್ಕೆ ಸೇರಿದ, ಹಾಸ್ಟೆಲಿನಲ್ಲಿ ಜಾಗ ಸಿಗದ ಅರಕಲಗೂಡಿನ ಒಬ್ಬ ಗೆಳೆಯ ವಿದ್ಯಾಸಿರಿಗೆ ಅರ್ಜಿ ಹಾಕಿದ್ದ. ಅದರಲ್ಲಿ ಊಟ ಮತ್ತು ವಸತಿಗೆಂದು ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಜಮೀನಿದ್ದ ರೈತರ ಮಕ್ಕಳಿಗೆ ಮುಖ್ಯಮಂತ್ರಿ ರೈತ ವಿದ್ಯಾನಿಧಿಯಿಂದ ವರ್ಷಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಬಂತು. 2022ರಲ್ಲಿ ಅದೇ ವಿದ್ಯಾನಿಧಿಯನ್ನು ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದಾಗ, ಎನ್.ಆರ್. ವೃತ್ತದಲ್ಲಿ ಆಟೋ ಓಡಿಸುವವರೊಬ್ಬರ ಮಗ ನಮ್ಮ ವರ್ಕ್‌ಶಾಪಿನಲ್ಲೇ ಇದ್ದ. ಆಟೋದವನ ಮಗ ಎಂದು ಯಾರಾದರೂ ಕರೆದರೆ ಮುನಿಯುತ್ತಿದ್ದವನು ಆ ವರ್ಷ ತಂದೆಯ ಲೈಸೆನ್ಸಿನ ಜೆರಾಕ್ಸನ್ನು ತಾನೇ ಹೆಮ್ಮೆಯಿಂದ ಹಿಡಿದು ಓಡಾಡಿದ.

ಐಟಿಐಯ ಎರಡು ವರ್ಷದಲ್ಲಿ ನಾನು ಮಾಡಿದ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ ಮೊದಲ ವರ್ಷವೇ ಲಘು ವಾಹನದ ಪರವಾನಗಿ ಪಡೆದದ್ದು. ಅದರ ಹಿಂದೆಯೂ ಲಾರಿಯ ಡ್ರೈವರಣ್ಣನ ಮಾತಿತ್ತು. ಬಸ್ಸು ಲಾರಿ ಓಡಿಸುವ ಪರವಾನಗಿಗೆ ಇಪ್ಪತ್ತು ವರ್ಷ ತುಂಬಿರಬೇಕು, ಮತ್ತು ಅದರ ಕಲಿಕಾ ಪರವಾನಗಿ ಪಡೆಯುವ ಹೊತ್ತಿಗೆ ಲಘು ವಾಹನದ ಪರವಾನಗಿ ಕೈಯಲ್ಲಿ ಕನಿಷ್ಠ ಒಂದು ವರ್ಷ ಇದ್ದಿರಬೇಕು ಎನ್ನುವುದು ಮೋಟಾರು ವಾಹನ ಕಾಯ್ದೆಯ ನಿಯಮ. ಈ ಒಂದು ವರ್ಷ ತಾನಾಗಿ ಉರುಳಬೇಕಾದದ್ದು, ದುಡ್ಡು ಕೊಟ್ಟರೂ ಬೇಗ ಮುಗಿಯುವುದಿಲ್ಲ. 2022ರ ಆರಂಭದಲ್ಲಿ ಕೆಎ-13ರ, ಅಂದರೆ ಹಾಸನದ ಆರ್‌ಟಿಒ ಕಚೇರಿಯಲ್ಲಿ ಪರೀಕ್ಷೆ ಪಾಸಾಗಿ ಆ ಗಡಿಯಾರವನ್ನು ಓಡಿಸಿಬಿಟ್ಟೆ. ಆದರೆ ಡ್ರೈವಿಂಗ್ ಶಾಲೆಗೆ ಕೊಟ್ಟ 5,500 ರೂಪಾಯಿ ಮಾತ್ರ ಇಂದಿಗೂ ಹೊಟ್ಟೆ ಉರಿಸುತ್ತದೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಹಳ್ಳಿಯವರಿಗೆ ಮೂವತ್ತು ದಿನದ ಲಘು ವಾಹನ ಚಾಲನೆಯ ತರಬೇತಿಯನ್ನು ಊಟ ವಸತಿಯೊಂದಿಗೆ ಉಚಿತವಾಗಿ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಪರವಾನಗಿಯ ಕಾರ್ಡು ಅಂಚೆಯಲ್ಲಿ ಬಂದ ಮೇಲೆ.

2023ರಲ್ಲಿ ಐಟಿಐ ಮುಗಿಯಿತು. ಕೆಲಸ ಸಿಗದ ಯುವಕರಿಗೆ ಭತ್ಯೆ ಕೊಡುವ ಯುವನಿಧಿಯ ಸುದ್ದಿ ಎಲ್ಲೆಡೆ ಹರಡಿದಾಗ ನಮ್ಮ ತಂಡದ ಅರ್ಧದಷ್ಟು ಹುಡುಗರು ಅರ್ಜಿ ಹಾಕಲು ಹೋಗಿ ಮರಳಿದರು. ಅದು ಪದವಿ ಮತ್ತು ಡಿಪ್ಲೊಮಾ ಮಾಡಿದವರಿಗೆ ಮಾತ್ರ, ಐಟಿಐ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ನಾನು ಅಪ್ರೆಂಟಿಸ್ ಆಗುವ ದಾರಿ ಹಿಡಿದೆ. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು, ಬಿ.ಎಂ. ರಸ್ತೆಯ ಬದಿಯಲ್ಲಿರುವ ವಾಣಿಜ್ಯ ವಾಹನಗಳ ಸರ್ವೀಸ್ ಸೆಂಟರೊಂದರಲ್ಲಿ ಒಂದು ವರ್ಷದ ಒಪ್ಪಂದಕ್ಕೆ ಸಹಿ ಮಾಡಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು ನಿಗದಿಯಾಗಿತ್ತು. ಎರಡು ವರ್ಷದ ಐಟಿಐ ಆದ್ದರಿಂದ ನನ್ನ ಒಪ್ಪಂದದಲ್ಲಿ ಬರೆದದ್ದು 8,050 ರೂಪಾಯಿ.

ಇಲ್ಲಿಯೂ ಹಣ ಎರಡು ಕಡೆಯಿಂದ ಬರುತ್ತಿತ್ತು. ಶಿಷ್ಯವೇತನದ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಮೊದಲು ಮಾಲೀಕರಿಗೆ ಮರಳಿಸುತ್ತಿದ್ದ ಆ ಹಣವನ್ನು 2023ರ ಆಗಸ್ಟಿನಿಂದ ನೇರವಾಗಿ ಅಪ್ರೆಂಟಿಸಿನ ಖಾತೆಗೇ ಹಾಕತೊಡಗಿದ್ದರು. ಹಾಗಾಗಿ ಸಂಸ್ಥೆಯವರು 6,550 ಕೊಡುತ್ತಿದ್ದರು, ಉಳಿದ 1,500 ದೆಹಲಿಯಿಂದ ಬರಬೇಕಿತ್ತು. ಮೊದಲ ಎರಡು ತಿಂಗಳು ಬರಲಿಲ್ಲ. ಈ ಸಲ ಮ್ಯಾಪಿಂಗಿನ ದೋಷವಲ್ಲ ಎಂದು ಖಾತ್ರಿಯಿದ್ದುದರಿಂದ ಸೀದಾ ಕಚೇರಿಯ ಕಂಪ್ಯೂಟರಿನ ಮುಂದೆ ಹೋಗಿ ನಿಂತೆ. ಸಂಸ್ಥೆಯವರು ನಮ್ಮ ಹಾಜರಾತಿಯನ್ನೂ ತಾವು ಪಾವತಿಸಿದ ವಿವರವನ್ನೂ ಪೋರ್ಟಲಿಗೆ ಹಾಕಿಯೇ ಇರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಆ ಕೆಲಸ ಯಾರದೆಂದು ಅವರಲ್ಲೇ ತೀರ್ಮಾನವಾಗಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ತಿಂಗಳ ಮೊದಲ ವಾರ ಲೆಕ್ಕದ ಅಕ್ಕನಿಗೆ ನೆನಪಿಸುವುದನ್ನು ನಾನೇ ವಹಿಸಿಕೊಂಡೆ. "ಬಂದ್ಯಾ ಸಾಹುಕಾರ" ಎಂದು ಆಕೆ ನಗುತ್ತಿದ್ದರು.

ಅಪ್ರೆಂಟಿಸ್ ಎಂದರೆ ಕಾನೂನಿನ ದೃಷ್ಟಿಯಲ್ಲಿ ಕಲಿಯುವವನು, ಕಾರ್ಮಿಕನಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಆದರೆ ಕಲಿಯುವಾಗ ಗಾಯವಾದರೆ ಪರಿಹಾರದ ಹೊಣೆ ಅವರದೇ. ಬ್ರೇಕ್ ಡ್ರಮ್ ಇಳಿಸುವಾಗ ನನ್ನ ಎಡಗೈಯ ನಡುಬೆರಳು ಸಿಕ್ಕಿ ಮೂರು ಹೊಲಿಗೆ ಬಿದ್ದಾಗ ಈ ಹೊಣೆಯ ಮಾತನ್ನು ಎತ್ತಲು ಹಿಂಜರಿದೆ; ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಪರವಾಗಿ ಮಾತಾಡಿ ಆಸ್ಪತ್ರೆಯ ಬಿಲ್ಲು ಕೊಡಿಸಿದರು. ವರ್ಷದ ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆದೆ.

ಇಷ್ಟು ಹೊತ್ತಿಗೆ 2024 ಮುಗಿಯುತ್ತ ಬಂದಿತ್ತು. ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 7,500 ಕಿಲೋ ತೂಕದೊಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದು ಎಂದು ತೀರ್ಪು ಕೊಟ್ಟಿತು. ಸಣ್ಣ ಗೂಡ್ಸ್ ವಾಹನವೊಂದಕ್ಕೆ ಡ್ರೈವರ್ ಆಗಿ ಬಾ ಎಂದು ಕರೆದವರಿದ್ದರು. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ನಮ್ಮವರಿಗೆ ವಾಹನದ ಬೆಲೆಯ ಶೇಕಡಾ 75ರಷ್ಟು, ಗರಿಷ್ಠ ನಾಲ್ಕು ಲಕ್ಷದವರೆಗೆ ಸಹಾಯಧನವಿದೆ, ಅದನ್ನು ತೆಗೆದುಕೋ ಎಂದವರೂ ಇದ್ದರು. ಆದರೆ ಅದು ವಾಹನ ಕೊಳ್ಳುವವನಿಗೆ ಕೊಡುವ ಸಹಾಯಧನ, ಕಲಿಯುವವನಿಗಲ್ಲ. ಉಳಿದ ಹಣಕ್ಕೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಪ್ರತಿ ತಿಂಗಳ ಬಾಡಿಗೆ ಬೇಕು. ಸಂಘದ ವಾರದ ಕಂತಿಗೇ ಅವ್ವ ಪಟ್ಟ ಪಾಡು ಕಣ್ಣೆದುರಿಗಿದ್ದುದರಿಂದ ನಾನು ಆ ಕಡೆ ಹೋಗಲಿಲ್ಲ.

ಬದಲಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಯುವಕರಿಗೆ ರಾಜ್ಯ ರಸ್ತೆ ಸಾರಿಗೆ ನಿಗಮದ ತರಬೇತಿ ಕೇಂದ್ರಗಳಲ್ಲಿ ಕೊಡಿಸುವ ಉಚಿತ ಭಾರಿ ವಾಹನ ಚಾಲನಾ ತರಬೇತಿಗೆ ಅರ್ಜಿ ಹಾಕಿದೆ. ಪತ್ರಿಕೆಯ ಜಾಹೀರಾತು ಕಂಡ ದಿನ ನನ್ನ ಬಳಿ ಎಲ್ಲ ಕಾಗದವೂ ಸಿದ್ಧವಿತ್ತು: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎರಡೂವರೆ ವರ್ಷಕ್ಕೂ ಹಳೆಯದಾದ ಲಘು ವಾಹನದ ಪರವಾನಗಿ, ಮ್ಯಾಪ್ ಆದ ಖಾತೆ. ವೈದ್ಯರಿಂದ ದೇಹಸ್ಥಿತಿಯ ಪ್ರಮಾಣಪತ್ರವಾದ ನಮೂನೆ 1ಎ ಬರೆಸಿಕೊಂಡು ಭಾರಿ ವಾಹನದ ಕಲಿಕಾ ಪರವಾನಗಿಯನ್ನು ಮೊದಲೇ ಮಾಡಿಸಿಟ್ಟುಕೊಂಡೆ, ಏಕೆಂದರೆ ಅದು ಕೈಗೆ ಬಂದು ಮೂವತ್ತು ದಿನ ಕಳೆಯದೆ ಪರೀಕ್ಷೆಗೆ ನಿಲ್ಲುವಂತಿಲ್ಲ. ನನ್ನ ಜೊತೆ ಆಯ್ಕೆಯಾದ ಇಬ್ಬರು ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಸಾರಿಗೆ ವಾಹನದ ಪರವಾನಗಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದರಿಂದ ಅವರಿಗೂ ಅವಕಾಶ ಸಿಕ್ಕಿತ್ತು.

ಹಾಸನದಲ್ಲಿ ಆ ಮೂವತ್ತು ದಿನ ಊಟ ವಸತಿಯೊಂದಿಗೆ ಕಳೆದದ್ದು ನನ್ನ ಕಲಿಕೆಯ ಅತ್ಯುತ್ತಮ ಕಾಲ. ಭಾರಿ ವಾಹನದ ಕಲಿಕೆ ಮೂವತ್ತು ದಿನಕ್ಕೆ ಕಡಿಮೆಯಿರಬಾರದು, ಅದರಲ್ಲಿ ಸ್ಟಿಯರಿಂಗ್ ಹಿಡಿದು ಓಡಿಸಿದ್ದು ಹದಿನೈದು ಗಂಟೆಗೆ ಕಡಿಮೆಯಿರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಾವಳಿ ಹೇಳುತ್ತದೆ. ರಜೆ ಕಳೆದು ಇಪ್ಪತ್ತೈದು ದಿನವೆಂದರೆ ಒಬ್ಬೊಬ್ಬನಿಗೆ ದಿನಕ್ಕೆ ಸುಮಾರು ಮೂವತ್ತಾರು ನಿಮಿಷ. ಉಳಿದ ಹೊತ್ತು ಹಿಂದಿನ ಸೀಟಿನಲ್ಲಿ ಕೂತು ಬೇರೆಯವರ ತಪ್ಪು ನೋಡುವುದು. ನನ್ನ ನಿಮಿಷಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ವಿದ್ಯಾರ್ಥಿವೇತನದ ಅನುಭವ ಎಲ್ಲದಕ್ಕೂ ಲೆಕ್ಕವಿಡುವ ಚಟ ಹತ್ತಿಸಿತ್ತು.

ಬೆಳಿಗ್ಗೆ ಬಸ್ಸು ಚಾಲೂ ಮಾಡಿದ ಕೂಡಲೇ ಹೊರಡುವಂತಿರಲಿಲ್ಲ. ಏರ್ ಬ್ರೇಕಿನ ಗಾಳಿ ತುಂಬುವವರೆಗೆ ಎಚ್ಚರಿಕೆಯ ಬಜರ್ ಕೂಗುತ್ತಿರುತ್ತದೆ. ಮುಳ್ಳು ನಿಧಾನವಾಗಿ ಮೇಲೇರಿ ಬಜರ್ ನಿಂತ ಮೇಲೂ ನಮ್ಮ ತರಬೇತುದಾರರು ಇನ್ನೊಂದು ನಿಮಿಷ ಕಾಯಿಸುತ್ತಿದ್ದರು. ಕ್ಲಚ್ಚಿನ ಮೇಲೆ ಕಾಲು ಎಲ್ಲಿ ಹಿಡಿಯುತ್ತದೆ ಎನ್ನುವುದನ್ನು ಕಣ್ಣಿನಿಂದ ಹುಡುಕುತ್ತಿದ್ದ ನನಗೆ, "ಕೆಳಗ್ ಏನ್ ನೋಡ್ತೀಯಾ ಮಗಾ, ಕಾಲಿಗೂ ಕಿವಿ ಐತೆ, ಇಂಜಿನ್ ಸದ್ದು ಇಳಿದಿದ್ದು ಕಾಲಿಗೆ ಕೇಳಿಸ್ಬೇಕು" ಎಂದರು. ಏರಿನಲ್ಲಿ ನಿಂತ ಬಸ್ಸನ್ನು ಒಂದು ಗೇಣೂ ಹಿಂದಕ್ಕೆ ಜಾರಿಸದೆ ಎತ್ತಿಕೊಳ್ಳಲು ನನಗೆ ಒಂಬತ್ತು ದಿನ ಹಿಡಿಯಿತು.

ಐಟಿಐಯಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವನು ನಾನು, ಬಸ್ಸಿನ ಮೈ ನನಗೆ ಗೊತ್ತು ಎಂಬ ಸಣ್ಣ ಗರ್ವವಿತ್ತು. ಅದನ್ನು ಇಳಿಸಿದ್ದು ಒಂದು ಸೀಮೆಸುಣ್ಣ. ತರಬೇತುದಾರರು ನನ್ನನ್ನು ನಿಂತ ಬಸ್ಸಿನ ಹಿಂಬದಿಯ ಎಡ ಮೂಲೆಗೆ ಕರೆದುಕೊಂಡು ಹೋಗಿ, ಆ ಮೂಲೆಯ ನೇರಕ್ಕೆ ನೆಲದ ಮೇಲೆ, ಬಸ್ಸಿನ ಉದ್ದಕ್ಕೂ ಒಂದು ಗೆರೆ ಎಳೆಸಿ, ಆಚೆಗೆ ನಿಲ್ಲಿಸಿದರು. ಇನ್ನೊಬ್ಬ ಹುಡುಗ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಬಸ್ಸನ್ನು ಮುಂದಕ್ಕೆ ಬಿಟ್ಟ. ಬಲಕ್ಕೆ ಹೋಗುವ ಬಸ್ಸಿನ ಬಾಲ ಎಡಕ್ಕೆ, ನನ್ನ ಕಡೆಗೆ, ಗೆರೆ ದಾಟಿ ಒಂದು ಮೊಳಕ್ಕೂ ಹೆಚ್ಚು ಬೀಸಿ ಬಂತು. ಹಿಂದಿನ ಚಕ್ರದಿಂದ ಆಚೆಗೆ ಚಾಚಿಕೊಂಡ ಅಷ್ಟು ಉದ್ದ ಮೈ ತಿರುಗುವಾಗ ಹೊರಕ್ಕೆ ಬೀಸುತ್ತದೆ ಎನ್ನುವುದು ಪುಸ್ತಕದಲ್ಲಿಯೂ ಇದೆ. ಆದರೆ ನಿಲ್ದಾಣದಲ್ಲಿ ಬಸ್ಸಿನ ಪಕ್ಕ ಬುಟ್ಟಿ ಇಟ್ಟುಕೊಂಡು ನಿಲ್ಲುವ ಅಜ್ಜಿಯರು ಕಣ್ಣ ಮುಂದೆ ಬಂದದ್ದು ಆ ಗೆರೆಯ ಬಳಿ ನಿಂತಾಗ. ಇವತ್ತಿಗೂ ಬಲಕ್ಕೆ ತಿರುಗಿಸುವಾಗ ಎಡಗನ್ನಡಿಯನ್ನು ಒಮ್ಮೆ ನೋಡದೆ ಸ್ಟಿಯರಿಂಗ್ ಎಳೆಯುವುದಿಲ್ಲ.

ತರಬೇತಿ ಮುಗಿದ ಮೇಲೆ ನಮೂನೆ 5ರ ಪ್ರಮಾಣಪತ್ರ ಕೊಟ್ಟರು. 2025ರ ಆರಂಭದಲ್ಲಿ ಪರೀಕ್ಷೆ ಪಾಸಾಗಿ ಭಾರಿ ವಾಹನದ ಪರವಾನಗಿ ಬಂತು. ಸಾರಿಗೆ ವಾಹನದ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಆ ತಾರೀಖೂ ನೋಟ್‌ಬುಕ್ಕಿಗೆ ಸೇರಿದೆ. ನಿಗಮದ ಚಾಲಕ ಕಂ ನಿರ್ವಾಹಕ ಹುದ್ದೆಗೆ ಹಿಂದಿನ ಅಧಿಸೂಚನೆಯಲ್ಲಿ ಕೇಳಿದ್ದು ಎಸ್‌ಎಸ್‌ಎಲ್‌ಸಿ, ಇಪ್ಪತ್ನಾಲ್ಕು ವರ್ಷ ವಯಸ್ಸು, ಭಾರಿ ವಾಹನದ ಪರವಾನಗಿ ಪಡೆದು ಎರಡು ವರ್ಷ, 163 ಸೆಂಟಿಮೀಟರ್ ಎತ್ತರ. ಎತ್ತರಕ್ಕೆ ನನಗೆ ಚಿಂತೆಯಿಲ್ಲ. ವಯಸ್ಸು ಮತ್ತು ಅನುಭವ ಎರಡೂ 2027ಕ್ಕೆ ಕೂಡಿಬರುತ್ತವೆ. ಅಲ್ಲಿಯವರೆಗೆ ಹಾಸನದ ಖಾಸಗಿ ಶಾಲೆಯೊಂದರ ಬಸ್ಸು ಓಡಿಸುತ್ತಿದ್ದೇನೆ. ಏಳನೆಯ ತರಗತಿಯ ಆ ಇಬ್ಬರು ಲಾರಿ ಹತ್ತಿದ್ದಾರೆ. ಪರವಾನಗಿಗೆ ಬೇಡವಾದ ಶಾಲೆ ನಿಗಮದ ಕೆಲಸಕ್ಕೆ ಬೇಕೇ ಬೇಕೆಂದು ಅವರಿಗೆ ತರಬೇತಿಯ ಕೊನೆಯ ವಾರದಲ್ಲಿ ತಿಳಿಯಿತು. ಒಬ್ಬ ಈಗ ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ಮಾತಾಡುತ್ತಿದ್ದಾನೆ.

ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ಐಟಿಐ ಸೇರಿದ್ದಾಳೆ, ಅವಳೂ ಎಂಎಂವಿಯೇ. ಎಸ್‌ಎಸ್‌ಪಿ ತೆರೆಯುವುದಕ್ಕೆ ಮೊದಲು ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. "ಆಧಾರ್ ಲಿಂಕ್ ಆಗೈತಾ ಅಂತಲ್ಲ ಮೇಡಂ, ಮ್ಯಾಪ್ ಆಗೈತಾ ನೋಡಿ" ಎಂದು ನಾನು ಹೇಳಿದ್ದನ್ನು ಕೇಳಿ ಕೌಂಟರಿನವರು ತಲೆಯೆತ್ತಿ ನೋಡಿದರು. ಆಗಿರಲಿಲ್ಲ, ಅಲ್ಲೇ ಅರ್ಜಿ ಬರೆದುಕೊಟ್ಟೆವು. ಆಧಾರಿನ ಹೆಸರು ಅಂಕಪಟ್ಟಿಗೆ ಹೊಂದುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಅವಳದು ಬರುವ ತಿಂಗಳು ಮುಗಿಯುತ್ತದೆ. ಸೋಮವಾರ ಶಾಲೆಯ ಮಕ್ಕಳನ್ನು ಇಳಿಸಿ ಬಸ್ಸು ನಿಲ್ಲಿಸಿದ ಮೇಲೆ ಇಬ್ಬರೂ ಪಾಳ್ಯದ ನಾಡಕಚೇರಿಗೆ ಹೋಗಬೇಕು.